ಅರಣ್ಯ ಸಂರಕ್ಷಣೆಯಲ್ಲಿ ಗಿರಿಜನರು ಮತ್ತು ಸಂರಕ್ಷಣಾ ಸಂಸ್ಥೆಗಳ ಸಹಭಾಗಿತ್ವ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಅರಣ್ಯವನ್ನು ಕಾಯುವ ಕಾರ್ಯದಲ್ಲಿ ಮೂರು ಪಕ್ಷಗಳಿವೆ. ತಲೆತಲಾಂತರದಿಂದ ಕಾಡಿನಲ್ಲಿ ವಾಸಿಸುತ್ತಿರುವ ಜನರು, ಕಾನೂನಿನಂತೆ ಅದರ ಹೊಣೆ ಹೊತ್ತಿರುವ ಸರ್ಕಾರದ ಇಲಾಖೆಗಳು ಮತ್ತು ಸಂಶೋಧನೆ ಹಾಗೂ ಸೇವೆಯಲ್ಲಿ ತೊಡಗಿರುವ ಸ್ವಯಂಸೇವಾ ಸಂಸ್ಥೆಗಳು. ಈ ಮೂವರಲ್ಲಿ ಮೊದಲನೆಯವರ ಹಕ್ಕು ಬಹುಕಾಲ ಕಾಗದದ ಮೇಲೆ ಇರಲಿಲ್ಲ. 2006ರ ಅರಣ್ಯ ಹಕ್ಕು ಅಧಿನಿಯಮವು ಆ ಕೊರತೆಯನ್ನು ನೀಗಿಸಲು ಅವಕಾಶ ಕಲ್ಪಿಸಿದೆ.

ದಕ್ಷಿಣ ಕನ್ನಡ ಜಿಲ್ಲೆಯ ಮಲೆಕುಡಿಯ, ಕೊರಗ ಮತ್ತು ಇತರೆ ಅರಣ್ಯವಾಸಿ ಕುಟುಂಬಗಳಿಗೆ ಸದರಿ ಅಧಿನಿಯಮದಡಿ ದೊರೆಯುವ ಸಮುದಾಯ ಹಕ್ಕುಗಳು, ಅವುಗಳಿಗೆ ಅರ್ಜಿ ಸಲ್ಲಿಸುವ ವಿಧಾನ ಮತ್ತು ಆ ಕಾರ್ಯದಲ್ಲಿ ಸಂರಕ್ಷಣಾ ಸಂಸ್ಥೆಗಳಿಂದ ಪಡೆಯಬಹುದಾದ ನೆರವನ್ನು ಕುರಿತು ಇಲ್ಲಿ ವಿವರಿಸಲಾಗಿದೆ. ನಮ್ಮ ರಾಜ್ಯದಲ್ಲಿಯೇ ಇಂತಹ ಸಹಭಾಗಿತ್ವವು ಹಲವು ವರ್ಷ ನಡೆದುಬಂದಿರುವ ಬಿಳಿಗಿರಿರಂಗನ ಬೆಟ್ಟದ ನಿದರ್ಶನವನ್ನು ಮೊದಲಿಗೆ ನೀಡಲಾಗಿದೆ. ಸಂಸ್ಥೆಗಳ ನೆರವು ಎಷ್ಟೇ ಇದ್ದರೂ ಗ್ರಾಮಸಭೆಯ ಹೆಸರಿನಲ್ಲಿ ಹಕ್ಕುಪತ್ರ ಇಲ್ಲದಿದ್ದಲ್ಲಿ ಸಹಭಾಗಿತ್ವಕ್ಕೆ ಭದ್ರ ಬುನಾದಿ ಇರುವುದಿಲ್ಲ ಎಂಬುದನ್ನು ಈ ನಿದರ್ಶನವು ತಿಳಿಸುತ್ತದೆ.

2. ನಿದರ್ಶನ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು

2.1 ಹಿನ್ನೆಲೆ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವು ಪೂರ್ವ ಮತ್ತು ಪಶ್ಚಿಮ ಘಟ್ಟಗಳು ಕೂಡುವ ಪ್ರದೇಶದಲ್ಲಿದೆ. ಇಲ್ಲಿನ ಮೂಲನಿವಾಸಿಗಳು ಸೋಲಿಗರು. ಅವರ ವಸತಿಗಳನ್ನು ‘ಪೋಡು’ ಎಂದು ಕರೆಯಲಾಗುತ್ತದೆ. 1974ರಲ್ಲಿ ಇಲ್ಲಿ ವನ್ಯಜೀವಿ ಧಾಮ ಘೋಷಣೆಯಾಗಿ, ಮುಂದೆ ಅದರ ವಿಸ್ತೀರ್ಣವನ್ನು ಸುಮಾರು 540 ಚದರ ಕಿ.ಮೀ.ಗೆ ಹೆಚ್ಚಿಸಲಾಯಿತು. ಬೇಟೆ ಮತ್ತು ಸ್ಥಳ ಬದಲಿಸಿ ಮಾಡುವ ಬೇಸಾಯ ನಿಂತ ಮೇಲೆ ಸೋಲಿಗರು ಪೋಡುಗಳಲ್ಲಿ ಸ್ಥಿರವಾಗಿ ನೆಲೆಸಿದರು. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಕಲ್ಲುಹೂವು ಮುಂತಾದ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹವು ಅವರ ನಗದು ಆದಾಯದ ಮುಖ್ಯ ಮೂಲವಾಯಿತು. ಈ ಉತ್ಪನ್ನಗಳನ್ನು ಲ್ಯಾಂಪ್ಸ್ ಎಂದು ಕರೆಯಲಾಗುವ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳ ಮೂಲಕ ಮಾರಾಟ ಮಾಡಲಾಗುತ್ತಿತ್ತು.

2.2 ಸಂಸ್ಥೆಗಳ ಪಾತ್ರ

ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆರೋಗ್ಯ ಮತ್ತು ಶಿಕ್ಷಣದಿಂದ ಕಾರ್ಯ ಆರಂಭಿಸಿ ಜೀವನೋಪಾಯದ ಕಡೆಗೂ ಗಮನ ಹರಿಸಿತು. 1990ರ ದಶಕದ ಮಧ್ಯಭಾಗದಿಂದ ಪರಿಸರ ವಿಜ್ಞಾನಿಗಳು ಈ ಕಾರ್ಯದಲ್ಲಿ ಕೈಜೋಡಿಸಿದರು. 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ‘ಏಟ್ರೀ’ ಎಂಬ ಪರಿಸರ ಸಂಶೋಧನಾ ಸಂಸ್ಥೆಯು ಅಂದಿನಿಂದ ಈ ಬೆಟ್ಟದಲ್ಲಿ ಸೋಲಿಗರೊಂದಿಗೆ ಕೆಲಸ ಮಾಡುತ್ತ ಬಂದಿದೆ. ಜೇನು ಮತ್ತು ನೆಲ್ಲಿಕಾಯಿಯನ್ನು ಸ್ಥಳದಲ್ಲಿಯೇ ಸಂಸ್ಕರಿಸಿ ಮಾರುವುದು, ಸಂಗ್ರಹಿಸಿದ ಪ್ರಮಾಣವನ್ನು ಸಂಗ್ರಾಹಕರೇ ಲೆಕ್ಕವಿಡುವುದು, ಮುಂದಿನ ಫಸಲಿನ ಅಂದಾಜನ್ನು ಅವರೊಂದಿಗೆ ಕುಳಿತು ತಯಾರಿಸುವುದು ಇತ್ಯಾದಿ ಕ್ರಮಗಳನ್ನು ಕೈಗೊಳ್ಳಲಾಯಿತು.

2.3 ಸೋಲಿಗರ ಅರಿವು ಮತ್ತು ವಿಜ್ಞಾನ

ನೆಲ್ಲಿ ಮರಗಳ ಮೇಲೆ ಬೆಳೆದು ಅವುಗಳ ಸತ್ವವನ್ನು ಹೀರುವ ಬಂದಳಿಕೆಯನ್ನು ಸೋಲಿಗರು ‘ಉಪ್ಪಿಲು’ ಎನ್ನುತ್ತಾರೆ. ಉಪ್ಪಿಲು ಹೆಚ್ಚಾಗುತ್ತಿರುವುದನ್ನೂ ಲಂಟಾನ ಕಳೆಯು ಕಾಡನ್ನು ಆವರಿಸುತ್ತಿರುವುದನ್ನೂ ಹಿರಿಯ ಸಂಗ್ರಾಹಕರು ಸಂಶೋಧಕರ ಗಮನಕ್ಕೆ ತಂದರು. ಹಿಂದೆ ಬೇಸಿಗೆಯ ಆರಂಭದಲ್ಲಿ ಒಣಗಿದ ಎಲೆಗೆ ಮಾತ್ರ ತಗಲುವಂತೆ ಹಾಕುತ್ತಿದ್ದ ‘ತರಗು ಬೆಂಕಿ’ಯು ಇವೆರಡನ್ನೂ ಹತೋಟಿಯಲ್ಲಿ ಇಡುತ್ತಿತ್ತೆಂಬುದು ಅವರ ವಿವರಣೆ. ಬೆಂಕಿಯನ್ನು ಪೂರ್ಣವಾಗಿ ನಿಷೇಧಿಸಿದ ಬಳಿಕ ಪರಿಸ್ಥಿತಿ ಬದಲಾಯಿತೆಂದು ಅವರು ತಿಳಿಸಿದರು.

ಈ ಮಾತನ್ನು ಸಂಶೋಧಕರು ಕಡೆಗಣಿಸದೆ ಪರಿಶೀಲನೆಗೆ ಒಳಪಡಿಸಿದರು. 1997 ಮತ್ತು 2008ರ ನಡುವೆ ಈ ಅರಣ್ಯದಲ್ಲಿ ಲಂಟಾನ ಕಂಡುಬರುವ ಸ್ಥಳಗಳು ಸುಮಾರು ಎರಡು ಪಟ್ಟಾಗಿದ್ದವು. ನೆಲ್ಲಿ ಮರಗಳ ಇಳಿಕೆಗೆ ಹಣ್ಣಿನ ಸಂಗ್ರಹವೊಂದನ್ನೇ ಹೊಣೆ ಮಾಡಲಾಗದು, ಬಂದಳಿಕೆ ಮತ್ತು ಲಂಟಾನಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂಬ ಅಭಿಪ್ರಾಯಕ್ಕೆ ಇದರಿಂದ ಬಲ ಬಂದಿತು. ಹಣ್ಣು ಕೊಯ್ಯಲು ಹೋದವರು ಉಪ್ಪಿಲನ್ನೂ ಕಡಿದು ಹಾಕುತ್ತಿದ್ದುದರಿಂದ, ಸಂಗ್ರಹ ನಿಂತಾಗ ಆ ಕೆಲಸವೂ ನಿಂತಿತು.

(ಸೂಚನೆ: ಅರಣ್ಯದಲ್ಲಿ ಬೆಂಕಿ ಹಾಕುವುದು ಕಾನೂನಿನಂತೆ ಅಪರಾಧವಾಗಿರುತ್ತದೆ. ಮೇಲಿನ ವಿವರವನ್ನು ಅನುಮತಿ ಎಂದು ಭಾವಿಸತಕ್ಕದ್ದಲ್ಲ.)

2.4 ಹಕ್ಕುಪತ್ರ ಇಲ್ಲದಿದ್ದಾಗ ಆದುದು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ಕ್ಕೆ 2002ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ಧಾಮಗಳ ಒಳಗಿನಿಂದ ಅರಣ್ಯ ಉತ್ಪನ್ನಗಳನ್ನು ಸ್ವಂತ ಬಳಕೆಗೆ ಹೊರತು ಮಾರಾಟಕ್ಕಾಗಿ ತರುವಂತಿಲ್ಲ. ತಿದ್ದುಪಡಿ ಜಾರಿಯಾದ ನಂತರದ ವರ್ಷಗಳಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟದ ಸಂಗ್ರಹವನ್ನು ನಿಲ್ಲಿಸಲಾಯಿತು. ಹಲವು ವರ್ಷ ಶ್ರಮವಹಿಸಿ ಕಟ್ಟಿದ ಸಂಸ್ಕರಣೆ, ಲೆಕ್ಕ, ಉಸ್ತುವಾರಿಯ ವ್ಯವಸ್ಥೆಯು ಸಂಗ್ರಹವೇ ಇಲ್ಲದ್ದರಿಂದ ಸೊರಗಿತು. ಪೋಡುಗಳ ಕುಟುಂಬಗಳು ಕಾಫಿ ತೋಟ ಮತ್ತು ಬಯಲುಸೀಮೆಯ ಕೂಲಿಯನ್ನು ಅವಲಂಬಿಸಬೇಕಾಯಿತು. ಸಂಸ್ಥೆಗಳಿಗೆ ಸದುದ್ದೇಶವಿತ್ತು, ಸೋಲಿಗರಲ್ಲಿ ಅರಿವಿತ್ತು. ಆದರೆ ಕಾನೂನಿನ ಮುಂದೆ ತೋರಿಸಬಹುದಾದ ಹಕ್ಕು ಯಾರ ಕೈಯಲ್ಲಿಯೂ ಇರಲಿಲ್ಲ.

2.5 ಎಲ್ಲೆಗಳ ನಕ್ಷೆ ಮತ್ತು ಸಮುದಾಯ ಹಕ್ಕು

ಸೋಲಿಗರ ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ‘ಎಲ್ಲೆ’ಗಳಿವೆ. ಒಂದು ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳಿರುತ್ತವೆ. ಕಲ್ಲುಗುಡಿಯು ಹಿರಿಯರ ಸಮಾಧಿಗೆ ಸಂಬಂಧಿಸಿದ್ದು, ಅಬ್ಬಿಯು ನೀರಿನ ತಾಣ. ದೊಡ್ಡಸಂಪಿಗೆಯಂತಹ ಪೂಜ್ಯ ವೃಕ್ಷಗಳೂ ಇದೇ ನೆಲೆಗಳಲ್ಲಿವೆ. ಈ ನೂರಾರು ತಾಣಗಳನ್ನು ಸೋಲಿಗ ಹಿರಿಯರು ನಡೆದು ತೋರಿಸಿದರು. ಏಟ್ರೀ ಸಂಸ್ಥೆಯ ತಂಡವು, ಸೋಲಿಗರೇ ಆದ ಸಂಶೋಧಕ ಡಾ. ಸಿ. ಮಾದೇಗೌಡ ಅವರ ಸಹಿತವಾಗಿ, ಉಪಗ್ರಹ ಆಧಾರಿತ ಸ್ಥಾನ ಗುರುತಿಸುವ ಉಪಕರಣದಿಂದ ಅವುಗಳನ್ನು ನಕ್ಷೆಗೆ ಇಳಿಸಿತು. ಬಾಯಿಮಾತಿನಲ್ಲಿ ಮಾತ್ರ ಇದ್ದ ಗಡಿ ಹೀಗೆ ದಾಖಲೆಯಾಯಿತು.

2011ರ ಜನವರಿಯಲ್ಲಿ ಈ ಧಾಮವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಪ್ರದೇಶದ ಒಟ್ಟು ವಿಸ್ತೀರ್ಣ 574.82 ಚದರ ಕಿ.ಮೀ. ಪೋಡುಗಳ ಜನರಲ್ಲಿ ಸ್ಥಳಾಂತರದ ಆತಂಕ ಮೂಡಿದ ಸಂದರ್ಭವದು. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಅರಣ್ಯ ಹಕ್ಕು ಅಧಿನಿಯಮದಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳನ್ನು ವಿತರಿಸಲಾಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ಮಾನ್ಯವಾದ ದೇಶದ ಮೊದಲ ಪ್ರಕರಣಗಳಲ್ಲಿ ಇದೂ ಒಂದು. ಸಂಗ್ರಹಿಸುವ, ಬಳಸುವ ಮತ್ತು ಮಾರುವ ಹಕ್ಕು ಮರಳಿ ದೊರೆತುದಲ್ಲದೆ, ಅರಣ್ಯವನ್ನು ರಕ್ಷಿಸಿ ನಿರ್ವಹಿಸುವ ಹೊಣೆಯೂ ಗ್ರಾಮಸಭೆಗಳಿಗೆ ಬಂದಿತು.

ಹಕ್ಕುಪತ್ರ ದೊರೆತ ಮಾತ್ರಕ್ಕೆ ಎಲ್ಲ ಸಮಸ್ಯೆಗಳೂ ಬಗೆಹರಿದಿಲ್ಲ. ಲಂಟಾನದ ಹಾವಳಿ ಮುಂದುವರಿದಿದೆ. ಬೆಂಕಿಯ ಬಗ್ಗೆ ಅಭಿಪ್ರಾಯಭೇದ ಉಳಿದಿದೆ. ಆದರೆ ಚರ್ಚೆಯಲ್ಲಿ ಸೋಲಿಗರು ಫಲಾನುಭವಿಗಳಾಗಿ ಮಾತ್ರವಲ್ಲದೆ ಹಕ್ಕುದಾರರಾಗಿ ಕುಳಿತುಕೊಳ್ಳುವಂತಾಗಿರುವುದು ಗಮನಾರ್ಹ.

3. ಇತರೆಡೆಯ ಅನುಭವ

ಜೈವಿಕ ವೈವಿಧ್ಯ ಕುರಿತ 1992ರ ಅಂತರರಾಷ್ಟ್ರೀಯ ಒಪ್ಪಂದದ 8(ಜೆ) ಅನುಚ್ಛೇದವು ಮೂಲನಿವಾಸಿಗಳ ಸಾಂಪ್ರದಾಯಿಕ ಜ್ಞಾನವನ್ನು ಗೌರವಿಸಿ ಉಳಿಸಿಕೊಳ್ಳುವಂತೆ ಸದಸ್ಯ ರಾಷ್ಟ್ರಗಳಿಗೆ ಸೂಚಿಸುತ್ತದೆ. ಆಸ್ಟ್ರೇಲಿಯಾದ ಉಲೂರು ರಾಷ್ಟ್ರೀಯ ಉದ್ಯಾನದ ಭೂಮಿಯನ್ನು 1985ರಲ್ಲಿ ಅಲ್ಲಿನ ಅನಂಗು ಜನರಿಗೆ ಮರಳಿಸಲಾಯಿತು. ಅವರು ಅದನ್ನು 99 ವರ್ಷಗಳ ಗುತ್ತಿಗೆಗೆ ಸರ್ಕಾರಕ್ಕೆ ನೀಡಿದ್ದು, ಉದ್ಯಾನದ ಆಡಳಿತ ಮಂಡಳಿಯಲ್ಲಿ ಅವರದೇ ಬಹುಮತವಿದೆ. ಅಲ್ಲಿಯೂ ಮೊದಲು ಹಕ್ಕು ಮಾನ್ಯವಾಗಿ, ಜಂಟಿ ನಿರ್ವಹಣೆ ಅದನ್ನು ಅನುಸರಿಸಿದೆ.

4. ಕಾನೂನಿನ ಅವಕಾಶಗಳು

ಅನುಸೂಚಿತ ಬುಡಕಟ್ಟುಗಳು ಮತ್ತು ಇತರೆ ಪಾರಂಪರಿಕ ಅರಣ್ಯವಾಸಿಗಳ (ಅರಣ್ಯ ಹಕ್ಕುಗಳ ಮಾನ್ಯತೆ) ಅಧಿನಿಯಮ, 2006ರ ಮುಖ್ಯ ಅಂಶಗಳು ಈ ಕೆಳಕಂಡಂತಿವೆ:

(ಅ) ಅರಣ್ಯದಲ್ಲಿ ಮುಖ್ಯವಾಗಿ ವಾಸಿಸುತ್ತಿರುವ ಮತ್ತು ಜೀವನೋಪಾಯಕ್ಕೆ ಅದನ್ನು ಅವಲಂಬಿಸಿರುವ ಪರಿಶಿಷ್ಟ ಪಂಗಡದವರು ಅರ್ಹರು. ಭೂಮಿಯ ಅನುಭೋಗವು 13.12.2005ಕ್ಕಿಂತ ಮುಂಚಿನದಾಗಿರಬೇಕು.

(ಆ) ಇತರೆ ಪಾರಂಪರಿಕ ಅರಣ್ಯವಾಸಿಗಳು ಸದರಿ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸತಕ್ಕದ್ದು.

(ಇ) ವೈಯಕ್ತಿಕ ಹಕ್ಕು ವಾಸ್ತವ ಅನುಭೋಗದಲ್ಲಿರುವ ಭೂಮಿಗೆ, ಗರಿಷ್ಠ 4 ಹೆಕ್ಟೇರಿಗೆ ಸೀಮಿತ. ವಿವಾಹಿತರಿದ್ದಲ್ಲಿ ಪತಿ-ಪತ್ನಿ ಇಬ್ಬರ ಹೆಸರಿನಲ್ಲಿ ನೋಂದಾಯಿಸಲಾಗುವುದು. ಈ ಹಕ್ಕು ವಾರಸುದಾರರಿಗೆ ಬರುತ್ತದೆ, ಆದರೆ ಪರಭಾರೆ ಮಾಡುವಂತಿಲ್ಲ.

(ಈ) ಕಿರು ಅರಣ್ಯ ಉತ್ಪನ್ನಗಳ ಒಡೆತನ, ಸಂಗ್ರಹ, ಬಳಕೆ ಮತ್ತು ಮಾರಾಟದ ಹಕ್ಕು ಇರುತ್ತದೆ. ಮರಮುಟ್ಟು ಇದರಲ್ಲಿ ಸೇರಿರುವುದಿಲ್ಲ.

(ಉ) ಸಮುದಾಯವು ಸಾಂಪ್ರದಾಯಿಕವಾಗಿ ರಕ್ಷಿಸುತ್ತ ಬಂದಿರುವ ಅರಣ್ಯ ಸಂಪನ್ಮೂಲವನ್ನು ರಕ್ಷಿಸುವ, ಪುನರುಜ್ಜೀವನಗೊಳಿಸುವ ಮತ್ತು ನಿರ್ವಹಿಸುವ ಹಕ್ಕು ಇರುತ್ತದೆ.

(ಊ) ಜೈವಿಕ ವೈವಿಧ್ಯ ಮತ್ತು ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯದ ಹಕ್ಕು ಮಾನ್ಯವಾಗಿದೆ.

(ಋ) ಅತ್ಯಂತ ಹಿಂದುಳಿದ ಬುಡಕಟ್ಟುಗಳಿಗೆ ಅವರ ಪಾರಂಪರಿಕ ಆವಾಸ ಪ್ರದೇಶದ ಹಕ್ಕಿಗೂ ಅವಕಾಶವಿದೆ. ಕರ್ನಾಟಕದಲ್ಲಿ ಕೊರಗ ಮತ್ತು ಜೇನುಕುರುಬ ಸಮುದಾಯಗಳು ಈ ವರ್ಗದಲ್ಲಿವೆ.

(ಎ) ಅರ್ಜಿಗಳ ಪರಿಶೀಲನೆ ಮತ್ತು ಹಕ್ಕು ಮಾನ್ಯತೆಯ ಪ್ರಕ್ರಿಯೆ ಪೂರ್ಣಗೊಳ್ಳುವವರೆಗೆ ಅರಣ್ಯವಾಸಿಯನ್ನು ಅವನ ಅನುಭೋಗದ ಭೂಮಿಯಿಂದ ತೆರವುಗೊಳಿಸತಕ್ಕದ್ದಲ್ಲ.

(ಏ) ಹಕ್ಕಿನೊಂದಿಗೆ ಕರ್ತವ್ಯವೂ ಇದೆ. ವನ್ಯಜೀವಿ, ಅರಣ್ಯ ಮತ್ತು ಜಲಮೂಲಗಳನ್ನು ಕಾಯುವುದು ಹಕ್ಕುದಾರರ ಹಾಗೂ ಗ್ರಾಮಸಭೆಯ ಹೊಣೆ. ಬೇಟೆಯಾಡುವ ಹಕ್ಕು ಯಾರಿಗೂ ಇರುವುದಿಲ್ಲ.

ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಧಾಮಗಳಿಗೂ ಈ ಅಧಿನಿಯಮ ಅನ್ವಯಿಸುತ್ತದೆ. ಆದುದರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ವಾಸಿಸುವ ಅರ್ಹ ಕುಟುಂಬಗಳೂ ಅರ್ಜಿ ಸಲ್ಲಿಸಬಹುದು.

5. ಪುರಾವೆಗಳು: ಹಿರಿಯರ ಅರಿವೂ ದಾಖಲೆಯೇ

ಕಾಗದಪತ್ರಗಳಿಲ್ಲ ಎಂಬ ಕಾರಣದಿಂದ ಅರ್ಜಿಯನ್ನೇ ಸಲ್ಲಿಸದೆ ಉಳಿಯುವ ಕುಟುಂಬಗಳು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕಾಗಿ ಕೋರಲಾಗಿದೆ. 2008ರ ಜನವರಿಯಲ್ಲಿ ಜಾರಿಗೆ ಬಂದು 2012ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಕೆಳಕಂಡವುಗಳೂ ಪುರಾವೆಗಳಾಗಿರುತ್ತವೆ:

(ಅ) ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ, ಮನೆ ತೆರಿಗೆ ರಸೀದಿ, ವಾಸಸ್ಥಳ ದೃಢೀಕರಣ.

(ಆ) ಗೆಜೆಟಿಯರ್, ಜನಗಣತಿ, ಸರ್ವೆ ವರದಿ, ನಕ್ಷೆ ಮುಂತಾದ ಸಾರ್ವಜನಿಕ ದಾಖಲೆಗಳು.

(ಇ) ಮನೆ, ಗುಡಿಸಲು, ಸಮತಟ್ಟು ಮಾಡಿದ ನೆಲ, ಬದು, ಒಡ್ಡು ಇತ್ಯಾದಿ ಭೌತಿಕ ಕುರುಹುಗಳು.

(ಈ) ಹೆಸರಾಂತ ಸಂಸ್ಥೆಗಳು ನಡೆಸಿದ ಸಂಶೋಧನಾ ಅಧ್ಯಯನಗಳು ಮತ್ತು ಪದ್ಧತಿಗಳ ದಾಖಲೀಕರಣ.

(ಉ) ವಂಶಾವಳಿ ಮತ್ತು ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ.

(ಊ) ಸಮುದಾಯ ಹಕ್ಕಿಗಾಗಿ: ಗೆಡ್ಡೆಗೆಣಸು, ಮೇವು, ಕಾಡಿನ ಹಣ್ಣು ಮತ್ತು ಇತರೆ ಉತ್ಪನ್ನಗಳನ್ನು ಸಂಗ್ರಹಿಸುವ ಪ್ರದೇಶಗಳು, ಮೇಯುವ ಜಾಗ, ನೀರಿನ ಮೂಲ, ಪವಿತ್ರ ಮರ, ದೇವರ ಕಾಡು, ಸಮಾಧಿ ಸ್ಥಳ.

ಯಾವುದೇ ಒಂದು ನಿರ್ದಿಷ್ಟ ದಾಖಲೆಯೇ ಬೇಕೆಂದು ಸಮಿತಿಗಳು ಒತ್ತಾಯಿಸುವಂತಿಲ್ಲ. ಆದರೆ ಒಂದಕ್ಕಿಂತ ಹೆಚ್ಚು ಪುರಾವೆ ಇರತಕ್ಕದ್ದು. ಬಿಳಿಗಿರಿರಂಗನ ಬೆಟ್ಟದ ಕಲ್ಲುಗುಡಿ ಮತ್ತು ಅಬ್ಬಿಗಳಂತೆ ನಮ್ಮ ಜಿಲ್ಲೆಯ ಅರಣ್ಯವಾಸಿಗಳ ದೈವದ ಬನ, ನಾಗಬನ, ಹಿರಿಯರನ್ನು ಹೂಳಿದ ಜಾಗ, ಬುಟ್ಟಿ ಹೆಣೆಯಲು ಬಳ್ಳಿ ತರುವ ಕಾಡು ಇವುಗಳನ್ನೂ ಗುರುತಿಸಿ ಅರ್ಜಿಯಲ್ಲಿ ನಮೂದಿಸಬಹುದು. ಇವುಗಳನ್ನು ಬಲ್ಲ ಹಿರಿಯರು ಇರುವಾಗಲೇ ಅವರೊಂದಿಗೆ ನಡೆದು ಗುರುತು ಮಾಡಿಕೊಳ್ಳುವುದು ಸೂಕ್ತ. ಅವರ ಕಾಲಾನಂತರ ಆ ಪುರಾವೆ ಮತ್ತೆ ದೊರೆಯುವುದಿಲ್ಲ.

6. ಅರ್ಜಿ ಸಲ್ಲಿಸುವ ವಿಧಾನ

(1) ಅರ್ಜಿಯನ್ನು ಅರಣ್ಯ ಹಕ್ಕು ಸಮಿತಿಯ ಮೂಲಕ ಗ್ರಾಮಸಭೆಗೆ ಸಲ್ಲಿಸತಕ್ಕದ್ದು. ಮಂಗಳೂರಿನ ಬಿಜೈ ಬಸ್ಸು ನಿಲ್ದಾಣಕ್ಕೆ ಬಂದಿಳಿದು ನಗರದ ಕಚೇರಿಗಳನ್ನು ಸುತ್ತುವ ಅವಶ್ಯಕತೆ ಇರುವುದಿಲ್ಲ. ಕಾರ್ಯ ಆರಂಭವಾಗುವುದು ತಮ್ಮ ಊರಿನಲ್ಲಿಯೇ.

(2) ವೈಯಕ್ತಿಕ ಹಕ್ಕಿಗೆ ನಮೂನೆ-ಎ, ಸಮುದಾಯ ಹಕ್ಕಿಗೆ ನಮೂನೆ-ಬಿ ಮತ್ತು ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿಗೆ ನಮೂನೆ-ಸಿ ಬಳಸತಕ್ಕದ್ದು. ನಮೂನೆಗಳನ್ನು ಉಚಿತವಾಗಿ ನೀಡಲಾಗುವುದು.

(3) ನಮೂನೆ-ಸಿ ಜೊತೆಗೆ ಸಾಂಪ್ರದಾಯಿಕ ಗಡಿ ಮತ್ತು ಗುರುತುಗಳನ್ನು ತೋರಿಸುವ ನಕ್ಷೆಯನ್ನು ಲಗತ್ತಿಸಿ, ನೆರೆಯ ಗ್ರಾಮಗಳ ವಿವರವನ್ನು ನಮೂದಿಸತಕ್ಕದ್ದು.

(4) ಅರಣ್ಯ ಹಕ್ಕು ಸಮಿತಿಯು ಅರ್ಜಿದಾರರಿಗೂ ಅರಣ್ಯ ಇಲಾಖೆಗೂ ತಿಳಿವಳಿಕೆ ನೀಡಿ ಸ್ಥಳ ಪರಿಶೀಲನೆ ಮಾಡುತ್ತದೆ. ಈ ದಿನ ಅರ್ಜಿದಾರರು ಹಿರಿಯರೊಂದಿಗೆ ಹಾಜರಿದ್ದು ಕುರುಹುಗಳನ್ನು ತೋರಿಸುವುದು ಅತ್ಯವಶ್ಯಕ.

(5) ಗ್ರಾಮಸಭೆಯು ನಿರ್ಣಯ ಅಂಗೀಕರಿಸುತ್ತದೆ. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಹಾಜರಿರಬೇಕು. ಹಾಜರಾದವರಲ್ಲಿ ಕನಿಷ್ಠ ಮೂರನೇ ಒಂದರಷ್ಟು ಮಹಿಳೆಯರಿರಬೇಕು.

(6) ನಿರ್ಣಯವನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ಉಪವಿಭಾಗ ಮಟ್ಟದ ಸಮಿತಿ ಪರಿಶೀಲಿಸುತ್ತದೆ. ಬೆಳ್ತಂಗಡಿ, ಸುಳ್ಯ, ಪುತ್ತೂರು ಮತ್ತು ಕಡಬ ತಾಲ್ಲೂಕುಗಳು ಪುತ್ತೂರು ಉಪವಿಭಾಗಕ್ಕೆ ಸೇರಿವೆ.

(7) ಅಂತಿಮ ತೀರ್ಮಾನವನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿ ಕೈಗೊಳ್ಳುತ್ತದೆ.

7. ಸಂರಕ್ಷಣಾ ಸಂಸ್ಥೆಗಳು ಮಾಡಬಹುದಾದುದು, ಮಾಡಬಾರದುದು

ಸಂಸ್ಥೆಗಳು ನಕ್ಷೆ ತಯಾರಿಕೆ, ಹಿರಿಯರ ಹೇಳಿಕೆಗಳನ್ನು ಬರೆದುಕೊಳ್ಳುವುದು, ಕಾನೂನಿನ ತಿಳಿವಳಿಕೆ, ಉತ್ಪನ್ನಗಳ ಸಂಸ್ಕರಣೆ ಮತ್ತು ಮಾರುಕಟ್ಟೆ ಸಂಪರ್ಕ, ಅರಣ್ಯದ ಸ್ಥಿತಿಗತಿಯ ಉಸ್ತುವಾರಿ ಮುಂತಾದ ಕಾರ್ಯಗಳಲ್ಲಿ ನೆರವಾಗಬಹುದು. ಚಾಮರಾಜನಗರ ಜಿಲ್ಲೆಯದೇ ಆದ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಗಳಿಂದ ಪೀಠೋಪಕರಣ ಮತ್ತು ಬುಟ್ಟಿ ತಯಾರಿಸುವ ತರಬೇತಿಯನ್ನು ಸಂಸ್ಥೆಯ ನೆರವಿನಿಂದ ಸೋಲಿಗರು ಪಡೆದಿರುವುದು ಇದಕ್ಕೆ ಉದಾಹರಣೆ. ಕಳೆಯನ್ನು ಕಡಿಯುವ ಕೆಲಸವೇ ಅಲ್ಲಿ ಆದಾಯದ ಮೂಲವಾಯಿತು.

ಆದರೆ ಸಂಸ್ಥೆಯು ತನ್ನ ಹೆಸರಿನಲ್ಲಿ ಹಕ್ಕನ್ನು ಕೋರುವಂತಿಲ್ಲ. ಗ್ರಾಮಸಭೆಯ ಪರವಾಗಿ ನಿರ್ಣಯ ಕೈಗೊಳ್ಳುವಂತಿಲ್ಲ. ಸಮುದಾಯದ ಔಷಧ ಜ್ಞಾನ ಅಥವಾ ಪವಿತ್ರ ತಾಣಗಳ ವಿವರಗಳನ್ನು ಸಂಗ್ರಹಿಸುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಪಡೆದು, ತಯಾರಾದ ನಕ್ಷೆ ಮತ್ತು ವರದಿಯ ಪ್ರತಿಯನ್ನು ಗ್ರಾಮಸಭೆಗೆ ಒಪ್ಪಿಸುವುದು ಉಚಿತ. ನಿಮ್ಮ ನಕ್ಷೆಯ ಪ್ರತಿ ನಿಮ್ಮ ಊರಿನಲ್ಲಿಯೇ ಇರುವಂತೆ ನೋಡಿಕೊಳ್ಳಿರಿ.

ಹಕ್ಕು ಮಾನ್ಯವಾದ ಬಳಿಕ ಗ್ರಾಮಸಭೆಯು ತನ್ನ ಸದಸ್ಯರಿಂದಲೇ ಅರಣ್ಯ ಹಾಗೂ ವನ್ಯಜೀವಿ ರಕ್ಷಣೆಗಾಗಿ ಸಮಿತಿ ರಚಿಸಿ, ನಿರ್ವಹಣಾ ಯೋಜನೆಯನ್ನು ಸಿದ್ಧಪಡಿಸಬೇಕು. ಜೈವಿಕ ವೈವಿಧ್ಯ ಅಧಿನಿಯಮ, 2002ರಡಿ ಸ್ಥಳೀಯ ಸಂಸ್ಥೆಗಳಲ್ಲಿ ರಚಿಸಲಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿಯೂ ಹಿರಿಯರ ಅರಿವನ್ನು ಸೇರಿಸಲು ಅವಕಾಶವಿದೆ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮೂಲ ಊರು ಬೆಳ್ತಂಗಡಿ ತಾಲ್ಲೂಕಿನ ಕಾಡಿನಂಚಿನಲ್ಲಿದೆ. ಉದ್ಯೋಗಕ್ಕಾಗಿ ಬಿಜೈಯಲ್ಲಿ ವಾಸವಾಗಿದ್ದೇನೆ. ಅರ್ಜಿ ಸಲ್ಲಿಸಬಹುದೇ?
ಉತ್ತರ: ಅರಣ್ಯದಲ್ಲಿ ಮುಖ್ಯವಾಗಿ ವಾಸಿಸುತ್ತ ಅದನ್ನು ಅವಲಂಬಿಸಿರುವವರಿಗೆ ಮಾತ್ರ ಹಕ್ಕು ದೊರೆಯುತ್ತದೆ. ಊರಿನಲ್ಲಿರುವ ಕುಟುಂಬದವರು ಅರ್ಜಿ ಸಲ್ಲಿಸಲಿ. ತಾವು ನಮೂನೆ ತುಂಬುವುದರಲ್ಲಿ ಮತ್ತು ವಂಶಾವಳಿ ತಯಾರಿಸುವುದರಲ್ಲಿ ಅವರಿಗೆ ನೆರವಾಗಬಹುದು.

ಪ್ರಶ್ನೆ: ಅರ್ಜಿ ತಿರಸ್ಕೃತವಾದಲ್ಲಿ ಏನು ಮಾಡಬೇಕು?
ಉತ್ತರ: ಗ್ರಾಮಸಭೆಯ ನಿರ್ಣಯದ ವಿರುದ್ಧ 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೂ, ಆ ಸಮಿತಿಯ ತೀರ್ಮಾನದ ವಿರುದ್ಧ 60 ದಿನಗಳೊಳಗೆ ಜಿಲ್ಲಾ ಮಟ್ಟದ ಸಮಿತಿಗೂ ಮನವಿ ಸಲ್ಲಿಸಬಹುದು. ತೀರ್ಮಾನವನ್ನು ಅರ್ಜಿದಾರರಿಗೆ ಕಾರಣ ಸಹಿತ ತಿಳಿಸತಕ್ಕದ್ದು. ಲಿಖಿತ ಪ್ರತಿಯನ್ನು ಕೇಳಿ ಪಡೆದು, ದಿನಾಂಕವನ್ನು ಗುರುತಿಟ್ಟುಕೊಳ್ಳಿರಿ.

ಪ್ರಶ್ನೆ: ವೈಯಕ್ತಿಕ ಹಕ್ಕುಪತ್ರ ಪಡೆದವರು ಸಮುದಾಯ ಹಕ್ಕಿಗೂ ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಒಂದು ಇನ್ನೊಂದಕ್ಕೆ ಅಡ್ಡಿಯಾಗುವುದಿಲ್ಲ. ಮನೆ ಮತ್ತು ಜಮೀನಿಗೆ ಹಕ್ಕುಪತ್ರ ಬಂದೊಡನೆ ಕಾರ್ಯ ಮುಗಿಯಿತೆಂದು ಭಾವಿಸಿದಲ್ಲಿ ಜೇನು, ಸೀಗೆ, ಬಳ್ಳಿ ತರುವ ಕಾಡಿನ ಹಕ್ಕು ದಾಖಲಾಗದೆ ಉಳಿಯುತ್ತದೆ.

ಪ್ರಶ್ನೆ: ಸ್ಥಳಾಂತರಗೊಳ್ಳುವಂತೆ ಸೂಚಿಸಲಾಗಿದೆ. ಒಪ್ಪಲೇಬೇಕೇ?
ಉತ್ತರ: ವನ್ಯಜೀವಿಗಳ ನಿರ್ಣಾಯಕ ನೆಲೆಯೆಂದು ಘೋಷಿತವಾದ ಪ್ರದೇಶದಲ್ಲಿಯೂ ಮೊದಲು ಹಕ್ಕುಗಳ ಮಾನ್ಯತೆ ಪೂರ್ಣಗೊಂಡಿರಬೇಕು. ಆನಂತರ ಪುನರ್ವಸತಿ ಯೋಜನೆಗೆ ಗ್ರಾಮಸಭೆಯು ಪೂರ್ಣ ಮಾಹಿತಿಯೊಂದಿಗೆ, ಮುಕ್ತವಾಗಿ, ಲಿಖಿತ ಒಪ್ಪಿಗೆ ನೀಡಿರಬೇಕು.

9. ಹೆಚ್ಚಿನ ಮಾಹಿತಿಗೆ

ತಮ್ಮ ಗ್ರಾಮ ಪಂಚಾಯತ್ ಕಾರ್ಯದರ್ಶಿಗಳು, ಅರಣ್ಯ ಹಕ್ಕು ಸಮಿತಿ, ಸಂಬಂಧಪಟ್ಟ ಉಪವಿಭಾಗಾಧಿಕಾರಿಗಳ ಕಚೇರಿ ಅಥವಾ ಮಂಗಳೂರಿನ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಯನ್ನು ಕೆಲಸದ ದಿನಗಳಲ್ಲಿ ಸಂಪರ್ಕಿಸುವುದು. ಅರ್ಜಿಯ ಸ್ವೀಕೃತಿ ರಸೀದಿಯನ್ನು ತಪ್ಪದೆ ಪಡೆದು, ಅಂತಿಮ ತೀರ್ಮಾನವಾಗುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕಾಗಿ ಕೋರಲಾಗಿದೆ.